ಐದು ಮಾರು, ಎರಡು ಮೊಳ, ಒಂದು ಗೇಣು

೧೯೭೧ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ತರಗತಿ, ದಸರೆ ರಜೆ ಮುಗಿದು ಶಾಲೆ ತೆರೆದು ಮೂರು ದಿನ ಆಗಿತ್ತು. ಅಪ್ಪ ಬಾವಿಕಟ್ಟೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಹಡಗಲಿಯ ಮಲ್ಲಿಗೆ ತೋಟಗಳಿಂದ ಬಸ್‌ಸ್ಟ್ಯಾಂಡಿಗೆ ಹೂವಿನ ಬುಟ್ಟಿ ಹೊರುವುದು ನಮ್ಮ ಮನೆಯ ಕೆಲಸ. ಬುಟ್ಟಿಗೆ ಒಂದು ತಲೆ ಬೇಕಿತ್ತು, ನನ್ನದಿತ್ತು. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಆದರೆ ಪುಸ್ತಕ ವಾಪಸು ಕೊಡಲು ಹೋದ ದಿನ ವರಾಂಡದಲ್ಲಿ ನಿಂತಿದ್ದ ಡ್ರಿಲ್ ಮಾಸ್ತರರು ಪಕ್ಕದ ಮಾಸ್ತರರಿಗೆ ಒಂದು ಮಾತು ಹೇಳಿದರು: "ಅರ್ಧಕ್ಕ ಬಿಡೋರು ಎಲ್ಲಾನೂ ಅರ್ಧಕ್ಕ ಬಿಡ್ತಾರ ನೋಡ್ರಿ." ನನಗೇ ಹೇಳಿದ್ದರೆ ಮರೆಯುತ್ತಿದ್ದೆನೇನೋ. ನಾನು ಎದುರಿಗಿದ್ದರೂ ಇಲ್ಲದವನಂತೆ ಇನ್ನೊಬ್ಬರಿಗೆ ಹೇಳಿದ್ದನ್ನು ಮರೆಯಲಿಲ್ಲ.

ಈ ಸಲ ಮತ ಹಾಕಲು ಅದೇ ಹೈಸ್ಕೂಲಿಗೆ ಹೋಗಿದ್ದೆ. ವರಾಂಡದ ಗೋಡೆಗೆ ಬಳಿದ ಕಪ್ಪು ಬಣ್ಣದ ಬೋರ್ಡು ಇನ್ನೂ ಇದೆ. ಯಾರೋ ಆಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ನೆನೆದ ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿಯಿತು, ಸಾಲಿನಲ್ಲಿ ನಿಂತಲ್ಲೇ ನನಗೆ ೧೯೭೯ರ ಮಳೆಗಾಲ ಪೂರ್ತಿ ವಾಪಸು ಬಂತು.

ನಮ್ಮ ಕೆಲಸವನ್ನು ಬಲ್ಲವರು ಈಗ ಕಡಿಮೆ. ಕೋಳಿ ಕೂಗುವ ಹೊತ್ತಿಗೆ ಬಿಡಿಸಿದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ತುಂಬಬೇಕು. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ, ಅದರ ಮೇಲೆ ಬುಟ್ಟಿ, ಕಾಲ ಕೆಳಗೆ ನಾಲ್ಕು ಕಿಲೋಮೀಟರು. ಹಗರಿಬೊಮ್ಮನಹಳ್ಳಿ ಮೇಲೆ ಕೊಟ್ಟೂರಿಗೆ ಹೋಗುವ ಮೊದಲ ಬಸ್ಸು ಯಾರ ಮಗನಿಗೂ ಕಾಯುವುದಿಲ್ಲ. ಅದು ತಪ್ಪಿದರೆ ಹೂವು ದಾರಿಯಲ್ಲೇ ಅರಳಿ ಕೂರುತ್ತದೆ, ಕೊಳ್ಳುವವರಿಲ್ಲ. ಹಾಗಂತ ಎದ್ದೆನೋ ಬಿದ್ದೆನೋ ಎಂದು ಓಡಿದರೆ ಬುಟ್ಟಿ ಕುಲುಕಿ ಮೊಗ್ಗು ಕಂದುತ್ತದೆ, ಕೊಟ್ಟೂರಿನಲ್ಲಿ ಬಟ್ಟೆ ಬಿಚ್ಚಿದವರು ನಮ್ಮ ಏಳು ತಲೆಮಾರನ್ನು ನೆನೆಯುತ್ತಾರೆ. ಮೆಲ್ಲಗೂ ಅಲ್ಲ, ಜೋರಾಗಿಯೂ ಅಲ್ಲ, ಒಂದು ಹದ. ಆ ಹದದಲ್ಲಿ ಎಂಟು ವರ್ಷ ದಿನಾ ಓಡಿದವನು ನಾನು. ಬಸ್ಸು ತಪ್ಪಿಸಿದ್ದು ಎರಡೇ ಸಲ. ಎರಡು ಸಲವೂ ಹಳ್ಳ ಬಂದಿತ್ತು.

ಆ ವರ್ಷ ಕಾರಹುಣ್ಣಿಮೆ ಆದ ಮೇಲೆ ಊರಿನ ಒಂದು ಯುವಕರ ಸಂಘದವರು ಆಗಸ್ಟ್ ಹದಿನೈದಕ್ಕೆ ಓಟದ ಪಂದ್ಯ ಇಟ್ಟರು. ಹೈಸ್ಕೂಲ್ ಮೈದಾನದಿಂದ ಹಿರೇಹಡಗಲಿ ರಸ್ತೆಯಲ್ಲಿ ಐದನೆಯ ಕಲ್ಲಿನವರೆಗೆ ಹೋಗಿ ತಿರುಗಿ ಬರುವುದು, ಒಟ್ಟು ಹತ್ತು ಕಿಲೋಮೀಟರು. ಮೇಸ್ತ್ರಿಕೆ ಡ್ರಿಲ್ ಮಾಸ್ತರರದು. ಅವರು ಎರಡು ನಿಯಮ ಹಾಕಿದ್ದರು. ಹೆಸರು ಕೊಡುವವನು ತಾನು ಎಷ್ಟು ನಿಮಿಷಕ್ಕೆ ಬರುತ್ತೇನೆಂದು ಮೊದಲೇ ಹೇಳಬೇಕು, ಅದನ್ನು ವರಾಂಡದ ಬೋರ್ಡಿನ ಮೇಲೆ ಬರೆಯುತ್ತಾರೆ. ಒಂದು ತಾಸು ಆದರೂ ಬಾರದವರನ್ನು ಹಿಂದೆ ಬರುವ ಟ್ರ್ಯಾಕ್ಟರ್ ಹೇರಿಕೊಂಡು ಬರುತ್ತದೆ.

ಬುಟ್ಟಿ ಇಳಿಸಿ ನೇರ ಅಲ್ಲಿಗೇ ಹೋದೆ.

"ಏನೋ ಕೊಟ್ರ, ಹೂವು ತಂದಿಯೇನು?" ಅಂದರು ಮಾಸ್ತರರು, ನನ್ನ ಹೆಸರು ಹಿಡಿದು.

"ಹೆಸರು ಕೊಡಾಕ ಬಂದೀನ್ರಿ."

"ಎಷ್ಟು ನಿಮಿಷಕ್ಕ ಬರ್ತಿ?"

"ಬಸ್ಸಿನ ಹೊತ್ತಿಗೆ ಬರ್ತೀನ್ರಿ."

ಅಲ್ಲಿದ್ದ ಕಾಲೇಜು ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರು ನಗಲಿಲ್ಲ. "ತನ್ನ ಹೊತ್ತು ತನಗ ಗೊತ್ತಿಲ್ಲದವನ ಹೆಸರು ನಾ ಬರ್ಯಾಂಗಿಲ್ಲ. ತಿಳಕೊಂಡು ಬಾ ಹೋಗು. ಇದನ್ನೂ ಅರ್ಧಕ್ಕ ಬಿಡಬ್ಯಾಡ ಮತ್ತ."

ಆ 'ಮತ್ತ' ಅನ್ನುವ ಮಾತನ್ನು ನುಂಗಿಕೊಂಡು ಮನೆಗೆ ಬಂದೆ. ನನಗೆ ಮೊದಲನೆಯ ಬಹುಮಾನ ಬೇಕಾಗಿರಲಿಲ್ಲ. ನನ್ನ ಬಾಯಿಂದ ಒಂದು ಹೊತ್ತು ಹೇಳಬೇಕು, ಹೇಳಿದ ಹೊತ್ತಿಗೆ ನನ್ನ ಕಾಲ ಮೇಲೆ ಬಂದು ಆ ಗೆರೆ ದಾಟಬೇಕು, ಅದನ್ನು ಆ ಮನುಷ್ಯ ತನ್ನ ಕೈಯಾರೆ ಬರೆಯಬೇಕು. ಅಷ್ಟೇ.

ಆದರೆ ಹೊತ್ತು ತಿಳಿಯುವುದು ಹೇಗೆ? ನಮ್ಮ ಕೇರಿಯಲ್ಲಿ ಕೈಗಡಿಯಾರ ಇದ್ದ ಕೈ ಒಂದೂ ಇರಲಿಲ್ಲ. ಗಡಿಯಾರಕ್ಕಿಂತ ಒಳ್ಳೆಯದೊಂದು ನನ್ನ ಮನೆಯಲ್ಲೇ ಇತ್ತು. ಆ ವೈಶಾಖದಲ್ಲಿ ನನ್ನ ಮದುವೆಯಾಗಿತ್ತು. ಇಟ್ಟಿಗಿ ಊರಿನ ಮೈಲವ್ವ ಮನೆಗೆ ಬಂದಿದ್ದಳು. ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಹೂ ಕಟ್ಟುವ ಹೆಂಗಸರಲ್ಲಿ ಅವಳ ಕೈಯೇ ಕೈ. ಎರಡು ತೋಳು ಚಾಚಿದಷ್ಟು ಉದ್ದಕ್ಕೆ ಒಂದು ಮಾರು. ಮಾರಿಗೆ ನಾಲ್ಕು ಮೊಳ, ಮೊಳಕ್ಕೆ ಎರಡು ಗೇಣು. ಬಂದ ಹೊಸದರಲ್ಲೇ ಕೊಟ್ಟೂರು ಬಸ್ಸಿನ ಕಂಡಕ್ಟರ್ ಇಮಾಮ್ ಸಾಬ್ ತನ್ನ ಗಡಿಯಾರ ಹಿಡಿದು ಅವಳ ಕೈ ನೋಡಿದ್ದ. ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದ. ಹತ್ತು ನಿಮಿಷಕ್ಕೆ ಒಂದು ಮಾರು, ಆಚೆ ಇಲ್ಲ, ಈಚೆ ಇಲ್ಲ. "ತಂಗಿ, ನಿನ್ನ ಕೈ ನೋಡಿ ನನ್ನ ಗಡಿಯಾರಕ್ಕ ಕೀಲಿ ಕೊಡಬೇಕು," ಅಂದಿದ್ದ.

ಹಾಗಾಗಿ ಪ್ರತಿ ಸಂಜೆ ನಾನು ಬೇವಿನ ಮರದಿಂದ ಅದೇ ಐದನೆಯ ಕಲ್ಲಿಗೆ ಓಡುವುದು, ಆ ಗಳಿಗೆಯಿಂದ ಅವಳು ಹೊಸ ಸರ ಹಿಡಿಯುವುದು, ನಾನು ತಿರುಗಿ ಬಂದು ಮರ ಮುಟ್ಟಿದಾಗ ಅವಳು ಕೈ ನಿಲ್ಲಿಸುವುದು ಎಂದು ಗೊತ್ತುಮಾಡಿಕೊಂಡೆವು. ಒಂದು ತಾಸು ಅಂದರೆ ಆರು ಮಾರು.

ಮೊದಲ ದಿನ ನನ್ನ ಲೆಕ್ಕ ಹೀಗಿತ್ತು: ಬುಟ್ಟಿ ಹೊತ್ತು ನಾಲ್ಕು ಕಿಲೋಮೀಟರಿಗೆ ಅರ್ಧ ತಾಸು, ಬುಟ್ಟಿ ಇಲ್ಲದಿದ್ದರೆ ಅದರ ಅರ್ಧ, ಹತ್ತಕ್ಕೆ ನಲವತ್ತು ನಿಮಿಷ ಸಾಕೇ ಸಾಕು. ತಲೆಯ ಮೇಲೆ ಭಾರ ಇಲ್ಲದ್ದು ಹೆಂಡ ಕುಡಿದಂತೆ ಆಯಿತು. ಕುರಿಮರಿಯಂತೆ ಹಾರಿದೆ. ಮೂರನೆಯ ಕಲ್ಲಿಗೆ ನಡೆಯತೊಡಗಿದೆ, ಐದನೆಯ ಕಲ್ಲಿಗೆ ಕೂತುಬಿಟ್ಟೆ. ಕಾಲೆಳೆಯುತ್ತ ವಾಪಸು ಬಂದಾಗ ಅವಳ ಮಡಿಲಲ್ಲಿ ಏಳು ಮಾರು ಒಂದು ಮೊಳ ಸರ ಇತ್ತು.

"ಸಂತಿ ಮಾಡ್ಕೊಂಡು ಬಂದ್ರೇನು?" ಅಂದಳು.

"ಗೇಲಿ ಮಾಡಬ್ಯಾಡಲೇ. ಕುತ್ತಿಗಿ ಹಗುರಾಗಿ ಕಾಲು ನನ್ನ ಮಾತು ಕೇಳವಲ್ಲವು."

ಸರವನ್ನು ಸುತ್ತಿ ಬುಟ್ಟಿಗೆ ಹಾಕಿದಳು. ಆಮೇಲೆ, "ಬುಟ್ಟಿ ಇದ್ರ ಹದ ಹಿಡಿದು ಓಡ್ತೀರಿ. ನಾಳಿ ಬರೇ ಸಿಂಬಿ ಇಟ್ಕೊಂಡು ಓಡ್ರಿ. ಅದು ಬೀಳಲಾರದಂಗ ಓಡಿದ್ರ ಮೊಗ್ಗೂ ಕಂದಂಗಿಲ್ಲ, ನೀವೂ ಕಂದಂಗಿಲ್ಲ," ಅಂದಳು.

ಒದ್ದೆ ಸಿಂಬಿ ತಲೆಯ ಮೇಲಿಟ್ಟು ಓಡತೊಡಗಿದೆ. ಹೆಜ್ಜೆ ಹದದಲ್ಲಿದ್ದರೆ ಅದು ಅಲುಗುವುದಿಲ್ಲ, ಸೊಕ್ಕು ಮಾಡಿದರೆ ಜಾರುತ್ತದೆ. ನೋಡಿದವರು ನಕ್ಕರು. ನಗಲಿ. ಆಷಾಢದ ಗಾಳಿ ಎಂಥದೆಂದು ನಮ್ಮ ಕಡೆಯವರಿಗೆ ಗೊತ್ತು, ಎದೆಯ ಮೇಲೆ ಕೈ ಇಟ್ಟು ಹಿಂದಕ್ಕೆ ದಬ್ಬುತ್ತದೆ. ಹೋಗುವಾಗ ಅದರ ಜೊತೆ ಗುದ್ದಾಟ, ಬರುವಾಗ ಅದೇ ಗಾಳಿ ಬೆನ್ನಿಗೆ. ಆರೂವರೆ ಮಾರಿಗೆ ಬಂದೆ. ಆರಕ್ಕೆ ಬಂದೆ. ಐದೂವರೆಗೆ ಬಂದೆ. ಆಷಾಢದ ಕೊನೆಗೆ ಒಂದು ಸಂಜೆ ಮರ ಮುಟ್ಟಿದಾಗ ಮೈಲವ್ವ ಸರ ಎತ್ತಿ ಹಿಡಿದಳು. ಐದೇ ಮಾರು!

ಮರುದಿನ ಬುಟ್ಟಿ ಇಳಿಸಿದವನೇ ಹೈಸ್ಕೂಲಿಗೆ ಹೋಗಿ, "ಐವತ್ತು ನಿಮಿಷ ಬರ್ಕೊಳ್ರಿ," ಅಂದೆ. ಬೋರ್ಡಿನ ಮೇಲೆ ಆಗಲೇ ಕಾಲೇಜು ಹುಡುಗರ ಮೂವತ್ತೆಂಟು, ನಲವತ್ತು, ನಲವತ್ತೆರಡು ಇದ್ದವು. ಮಾಸ್ತರರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಬರೆದರು. ಎದೆ ಉಬ್ಬಿಸಿಕೊಂಡು ಹೊರಗೆ ಬಂದೆ.

ಪಂದ್ಯಕ್ಕೆ ಎಂಟು ದಿನ ಇದ್ದಾಗ ಇಮಾಮ್ ಸಾಬನ ಬಸ್ಸು ಕೆಟ್ಟು ನಿಂತಿತು. ಸಂಜೆ ಅವನಿಗೆ ಕೆಲಸವಿರಲಿಲ್ಲ. ಮೈಲವ್ವನ ಪಕ್ಕದ ಕಲ್ಲಿನ ಮೇಲೆ ಕೂತು ಗಡಿಯಾರ ಹಿಡಿದ. ನಾನು ಓಡಿ ಬಂದು ಮರ ಮುಟ್ಟಿದೆ.

"ಐದು ಮಾರು," ಅಂದಳು ಮೈಲವ್ವ.

"ಐವತ್ತೇಳೂವರಿ ನಿಮಿಷ," ಅಂದ ಇಮಾಮ್ ಸಾಬ್.

"ನಿನ್ನ ಗಡಿಯಾರ ಕೆಟ್ಟೈತಿ ಸಾಬ."

"ನಿನ್ನ ತಲಿ ಕೆಟ್ಟೈತಿ. ನಡಿ, ರೇಡಿಯೋ ಕೇಳೋಣು."

ಹೋಟೆಲಿನ ರೇಡಿಯೋದಲ್ಲಿ ವಾರ್ತೆಗೆ ಮೊದಲು ಬರುವ ಪೀಪಿ ಸದ್ದಿಗೆ ಅವನ ಮುಳ್ಳು ಸರಿಯಾಗಿ ಬಂದು ನಿಂತಿತು. ನನ್ನ ಮೈಯ ಬೆವರು ಆರಿ ತಣ್ಣಗಾಯಿತು. ಸಿಟ್ಟೆಲ್ಲ ಮೈಲವ್ವನ ಮೇಲೆ ತಿರುಗಿತು. ಮನೆಗೆ ಹೋದವನೇ ಹೂವಿನ ಗಂಟು ಅವಳ ಮುಂದೆ ಹಾಕಿ, "ಕಟ್ಟು ನೋಡಾಮು ಒಂದು ಮಾರು," ಅಂದೆ. ಇಮಾಮ್ ಸಾಬ್ ಬಾಗಿಲಲ್ಲಿ ನಿಂತು ನೋಡಿದ. ಹತ್ತು ನಿಮಿಷ. ಆಚೆ ಇಲ್ಲ, ಈಚೆ ಇಲ್ಲ.

"ಮತ್ತ ಅಲ್ಲಿ ಯಾಕ ಹನ್ನೊಂದೂವರಿ ಆತು?" ಅಂದೆ.

ಅವಳು ತಲೆ ಎತ್ತಲಿಲ್ಲ. "ಅಲ್ಲಿ ದಾರಿ ನೋಡ್ತಿರ್ತೀನಲ್ರಿ."

"ಏನು?"

"ಲಾರಿ ಸದ್ದಾದ್ರ ನೋಡ್ತೀನಿ, ಗಾಳಿ ಬೀಸಿದ್ರ ನೋಡ್ತೀನಿ. ನೋಡಿದಾಗೆಲ್ಲ ಕೈ ನಿಲ್ಲತೈತಿ. ಮೊದಮೊದಲು ಇಷ್ಟು ನೋಡ್ತಿದ್ದಿಲ್ಲ. ಪಂದ್ಯ ಹತ್ರ ಬಂದಂಗ ಜಾಸ್ತಿ ಆತು. ನಾನೇನು ಗಡಿಯಾರೇನು?"

ಇಮಾಮ್ ಸಾಬ್ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟ. ಒಬ್ಬರು ನನ್ನ ದಾರಿಯನ್ನು ಅಷ್ಟು ನೋಡುತ್ತಾರೆಂದು ಖುಷಿಪಡಲೋ, ಏಳೂವರೆ ನಿಮಿಷ ಕೈಬಿಟ್ಟು ಹೋಯಿತೆಂದು ಅಳಲೋ? ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ.

ಬೆಳಿಗ್ಗೆ ಇಮಾಮ್ ಸಾಬ್ ಬುದ್ಧಿ ಹೇಳಿದ: "ಐವತ್ತು ಅಂತ ಬರ್ಸಿದಿ, ಇರಲಿ ಬಿಡು. ತಾಸಿನೊಳಗ ಬಂದ್ರ ಟ್ರ್ಯಾಕ್ಟರ್ ಹತ್ತೋದು ತಪ್ತೈತಿ. ಆ ಹುಡುಗರು ಬರ್ಸಿದ್ದೆಲ್ಲ ಖರೆ ಏನು?" ಅವನ ಮಾತು ತಪ್ಪಲ್ಲ. ಆದರೆ ಐವತ್ತು ನನ್ನ ಕಾಲಿನಲ್ಲಿ ಇರಲಿಲ್ಲ. ಎಂಟು ದಿನದಲ್ಲಿ ಬರುವಂಥದ್ದೂ ಅಲ್ಲ. ಇಲ್ಲದ್ದನ್ನು ಇದೆ ಅಂದು ಓಡಿದರೆ ಮೊದಲ ದಿನದಂತೆ ಐದನೆಯ ಕಲ್ಲಿಗೆ ಕೂತುಬಿಡುತ್ತೇನೆ, ಆಗ ಮಾಸ್ತರರ ಮಾತು ಖರೆಯಾಗುತ್ತದೆ. ಐವತ್ತೇಳೂವರೆ ನನ್ನದು, ಬೆವರು ಸುರಿಸಿ ಗಳಿಸಿದ್ದು. ಅದರಲ್ಲಿ ಅರ್ಧ ನಿಮಿಷ ಕಳೆದೆ. ಆ ಅರ್ಧ ನಿಮಿಷ ನನ್ನ ಸೊಕ್ಕಿನ ಪಾಲು.

"ಮಾಸ್ತರ್ರಿ, ನಂದು ಐವತ್ತೇಳು ಮಾಡ್ರಿ," ಅಂದೆ.

"ಹೆದರಿಕಿ ಬಂತೇನು?"

"ಲೆಕ್ಕ ತಪ್ಪಿತ್ತು. ತಿದ್ದಾಕ ಬಂದೀನಿ."

"ಒಮ್ಮಿ ಬರ್ದಿದ್ದು ಬರ್ದಂಗ. ದಿನಾ ಒಂದೊಂದು ಹೇಳಿದ್ರ ನಾ ಒರೆಸಿಕೋಂತ ಕುಂದ್ರಲೇನು?"

ನನ್ನ ಹೆಗಲ ಮೇಲೆ ಹೂವಿನ ಒದ್ದೆ ಬಟ್ಟೆ ಇತ್ತು. ಬೋರ್ಡಿನ ಹತ್ತಿರ ಹೋಗಿ ನನ್ನ ಹೆಸರಿನ ಮುಂದಿನ ಐವತ್ತನ್ನು ನಾನೇ ಒರೆಸಿದೆ. ಕಿಟಕಿಯಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡು ದಪ್ಪಗೆ '೫೭' ಬರೆದೆ. "ನೀವು ಕಲಿಸಿದ ಸಾಲ್ಯಾಗ ಇಷ್ಟು ಬರ್ಯಾಕ ಬರ್ತೈತ್ರಿ ನನಗ," ಅಂದು ಇಳಿದು ಬಂದೆ. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಗೇಲಿಗೋ ಮೆಚ್ಚುಗೆಗೋ ಗೊತ್ತಿಲ್ಲ, ತಿರುಗಿ ನೋಡಲಿಲ್ಲ.

ಆಗಸ್ಟ್ ಹದಿನೈದು. ಧ್ವಜ ಏರಿತು. ಜಿಟಿಜಿಟಿ ಹನಿ. ಮೂವತ್ತೊಂದು ಜನ ಗೆರೆಗೆ ನಿಂತೆವು. ಸಂಘದವನೊಬ್ಬ ನನ್ನ ಸಿಂಬಿ ನೋಡಿ, "ತಲಿ ಮ್ಯಾಲಿನ ಬಟ್ಟಿ ತಗಿ," ಅಂದ. "ನಿಯಮದಾಗ ಎಲ್ಲೈತಿ, ತೋರ್ಸು," ಅಂದೆ. ತೋರಿಸಲಿಲ್ಲ. ಇಮಾಮ್ ಸಾಬ್ ಬಸ್ಸಿನ ಡ್ಯೂಟಿ ಮೇಲಿದ್ದ, ಬರಲು ಆಗಿರಲಿಲ್ಲ. ಮೈಲವ್ವ ಮೈದಾನದ ಮೂಲೆಯ ಹುಣಸೆ ಮರದ ಕೆಳಗೆ ಹೂವು ಹರವಿಕೊಂಡು ಕೂತಿದ್ದಳು. ಯಾರೂ ಹೇಳದೆ ತಾನಾಗಿಯೇ ರಸ್ತೆಗೆ ಬೆನ್ನು ಹಾಕಿದ್ದಳು.

"ನಾ ಬಂದು ಹೆಗಲು ಮುಟ್ಟೋತನ ತಿರುಗಬ್ಯಾಡ," ಅಂದೆ.

"ನೀವು ಹಿಂದಕ ನೋಡಬ್ಯಾಡ್ರಿ, ನಾನೂ ನೋಡಂಗಿಲ್ಲ," ಅಂದಳು.

ಸೀಟಿ ಊದಿದ ಕೂಡಲೆ ಹುಡುಗರು ಗುಂಡು ಹೊಡೆದಂತೆ ಹೋದರು. ಒಂದನೆಯ ಕಲ್ಲು ದಾಟುವಾಗ ನನ್ನ ಹಿಂದೆ ಇದ್ದವರು ಇಬ್ಬರು, ಅವರ ಹಿಂದೆ ಟ್ರ್ಯಾಕ್ಟರು. ಅದರ ಡುಗುಡುಗು ಸದ್ದು ಬೆನ್ನಿಗೆ ಅಂಟಿದಂತೆ ಕೇಳುತ್ತಿತ್ತು. ಕಾಲು ಜೋರು ಮಾಡಬೇಕೆಂದಾಗೆಲ್ಲ ಸಿಂಬಿ ಜಾರುತ್ತಿತ್ತು, ಹದಕ್ಕೆ ಬರುತ್ತಿದ್ದೆ. ಐದನೆಯ ಕಲ್ಲಿನಲ್ಲಿ ಕೂತವನು ಅಂಗೈಗೆ ನೇರಳೆ ಶಾಯಿಯ ಮುದ್ರೆ ಒತ್ತಿದ. ತಿರುಗಿದೆ. ಈಗ ಗಾಳಿ ನನ್ನ ಕಡೆಯದಾಯಿತು.

ಆರನೆಯ ಕಿಲೋಮೀಟರಿನಿಂದ ಒಬ್ಬೊಬ್ಬರೇ ಸಿಗತೊಡಗಿದರು. ನಲವತ್ತೆರಡು ಬರೆಸಿದವನು ಸೊಂಟದ ಮೇಲೆ ಕೈ ಇಟ್ಟು ನಡೆಯುತ್ತಿದ್ದ. ಮೂವತ್ತೆಂಟರವನು ಮೋರಿಯ ಕಟ್ಟೆಯ ಮೇಲೆ ಕೂತು ಟ್ರ್ಯಾಕ್ಟರಿಗೆ ಕಾಯುತ್ತಿದ್ದ. ತಂಬ್ರಹಳ್ಳಿಯ ಒಬ್ಬ ದಪ್ಪ ಮನುಷ್ಯ ನನ್ನ ಜೊತೆ ಜೊತೆಗೇ ಬಂದ. "ಲೇ ಸಿಂಬಿ, ನಿನ್ನ ಹಿಂದಿಂದ ಬಂದ್ರ ಮುಟ್ಟಿಸ್ತೀಯೇನು?" "ಬಸ್ಸು ತಪ್ಪಿಸಿದವನಲ್ಲ, ಬಾ," ಅಂದೆ. ಕೊನೆಯ ಕಲ್ಲು ಬಂದಾಗ ಎದೆ ಒಡೆಯುವಂತಾಗಿತ್ತು. ಸಿಂಬಿ ಜಾರಿತು. ಹಿಡಿಯಲು ಕೈ ಎತ್ತಿದವನು ಇಳಿಸಿದೆ. ಬೀಳಲಿ. ಹದದ ಕೆಲಸ ಮುಗಿದಿತ್ತು, ಇನ್ನು ಉಳಿದದ್ದು ಸೊಕ್ಕಿನ ಕೆಲಸ. ತಂಬ್ರಹಳ್ಳಿಯವನನ್ನೂ ಬಿಟ್ಟು ಬಾಯಿ ತೆರೆದುಕೊಂಡು ಓಡಿದೆ. ಗೆರೆ ದಾಟಿದೆ, ನಿಲ್ಲದೆ ಹುಣಸೆ ಮರದವರೆಗೆ ಹೋಗಿ ಮೈಲವ್ವನ ಹೆಗಲು ಮುಟ್ಟಿದೆ. ಅವಳ ಕೈ ನಿಂತಿತು.

ಹನ್ನೊಂದನೆಯವನಾಗಿ ಬಂದಿದ್ದೆ. ಉಸಿರು ಸಿಕ್ಕ ಮೇಲೆ ಮೇಜಿನ ಹತ್ತಿರ ಹೋಗಿ, "ನಂದು ಎಷ್ಟಾತ್ರಿ?" ಅಂದೆ.

ಮಾಸ್ತರರು ಬಹುಮಾನದ ಲೋಟ ಜೋಡಿಸುತ್ತಿದ್ದರು. "ಮೂರು ಮಂದಿ ಬಂದಮ್ಯಾಲೆ ವಾಚ್ ನಿಲ್ಸಿದ್ವಿ. ಟ್ರ್ಯಾಕ್ಟರ್‌ಕಿಂತ ಮೊದಲ ಬಂದಿ, ಸಾಕು ಬಿಡು."

"ಸಾಕಾಗಂಗಿಲ್ರಿ. ಹೊತ್ತು ಹೇಳು ಅಂದವರು ನೀವು. ಬೋರ್ಡಿನ ಮ್ಯಾಲೆ ಐವತ್ತೇಳು ಐತಿ. ಐವತ್ತೇಳಕ್ಕ ಬಂದೀನೋ ಇಲ್ಲೋ ಹೇಳ್ರಿ."

"ಯಾರು ನೋಡ್ಯಾರ?"

"ನನ್ನ ಹೆಣ್ತಿ ನೋಡಿಲ್ಲ. ಅದಕ್ಕ ಆಕಿ ಲೆಕ್ಕ ಖರೆ ಐತಿ," ಅಂದು ಮೈಲವ್ವನನ್ನು ಕರೆದೆ.

ಅವಳು ಸರ ತಂದಳು. ಎಲ್ಲರ ಎದುರು ತೋಳು ಚಾಚಿ ಅಳೆದಳು. ಐದು ಮಾರು, ಎರಡು ಮೊಳ, ಒಂದು ಗೇಣು. ಐವತ್ತಾರೂಕಾಲು ನಿಮಿಷ. ಜನ ಸುತ್ತ ಕೂಡಿದರು. ಮಾಸ್ತರರು ಕನ್ನಡಕ ತೆಗೆದರು. "ಹೂವಿನ ಸರ ನೋಡಿ ಟೈಮ್ ಬರೀಬೇಕೇನಲೇ ನಾನು?"

"ನಿಮ್ಮ ವಾಚ್ ತಗೀರಿ. ಆಕಿ ಒಂದು ಮಾರು ಕಟ್ತಾಳ, ನೀವ ನೋಡ್ರಿ. ಹತ್ತು ನಿಮಿಷ ಆಗಲಿಲ್ಲಂದ್ರ ನನ್ನ ಹೆಸರು ನಾನ ಒರೆಸ್ತೀನಿ."

"ಕಟ್ಟಸ್ರಿ, ಕಟ್ಟಸ್ರಿ!" ಅಂದಿತು ಜನ. ಮಾಸ್ತರರಿಗೆ ಬೇರೆ ದಾರಿ ಉಳಿಯಲಿಲ್ಲ.

ನಾನು ಹೇಳಿಬಿಟ್ಟಿದ್ದೆ, ಆದರೆ ಅವಳನ್ನು ಕೇಳಿರಲಿಲ್ಲ. ಇಷ್ಟು ಗಂಡಸರ ನಡುವೆ ಅವಳು ಎಂದೂ ಕೂತವಳಲ್ಲ. ಒಮ್ಮೆ ತಲೆ ಎತ್ತಿ ಕೈ ನಿಲ್ಲಿಸಿದರೆ ಮುಗಿಯಿತು. ಮೈಲವ್ವ ಸೆರಗು ಸಿಕ್ಕಿಸಿ ಕೂತಳು. ಮಾಸ್ತರರು ವಾಚ್ ಒತ್ತಿದರು. ಎರಡು ಮೊಗ್ಗು ಇತ್ತ, ಎರಡು ಮೊಗ್ಗು ಅತ್ತ, ದಾರದ ಒಂದು ಸುತ್ತು, ಒಂದು ಬಿಗಿ. ಹಿಂದೆ ಯಾರೋ ಕೆಮ್ಮಿದರು, ಟ್ರ್ಯಾಕ್ಟರ್ ಬಂದು ನಿಂತಿತು, ಅದರಿಂದ ಹುಡುಗರು ಇಳಿದರು. ಅವಳು ತಲೆ ಎತ್ತಲಿಲ್ಲ. ಕೊನೆಗೆ ದಾರ ಕಡಿದು, ತೋಳು ಚಾಚಿ ತೋರಿಸಿದಳು. ಸರಿಯಾಗಿ ಒಂದು ಮಾರು.

ಮಾಸ್ತರರು ವಾಚ್ ನೋಡಿದರು. ಕಿವಿಗೆ ಹಿಡಿದು ಕೇಳಿದರು. ಇನ್ನೊಮ್ಮೆ ನೋಡಿದರು. "ಒಂಬತ್ತು ನಿಮಿಷ ಐವತ್ತೆಂಟು ಸೆಕೆಂಡು," ಅಂದರು. ಮೈದಾನ ಹೋ ಎಂದಿತು.

ವರಾಂಡಕ್ಕೆ ಹೋಗಿ ನನ್ನ ಹೆಸರಿನ ಮುಂದೆ ೫೬ ಎಂದು ಬರೆದು ಸುಣ್ಣದ ಕೈ ಜಾಡಿಸಿದರು. "ತಗೋ, ಕಾಲು ನಿಮಿಷ ಬಿಟ್ಟೀನಿ ನಿನಗ."

"ಬಿಡಬ್ಯಾಡ್ರಿ ಮಾಸ್ತರ. ಪೂರ್ತಿ ಬರೀರಿ," ಅಂದೆ.

ಅವರು ನನ್ನ ಮುಖ ನೋಡಿದರು. ಎಂಟು ವರ್ಷದಲ್ಲಿ ಅವತ್ತೇ ಮೊದಲು ನೋಡಿದ್ದು ಅನಿಸಿತು. ತಿರುಗಿ, ಐವತ್ತಾರರ ಮುಂದೆ ಕಾಲನ್ನೂ ಬರೆದರು. ದಾರಿಯಲ್ಲಿ ಬಿದ್ದ ನನ್ನ ಸಿಂಬಿಯನ್ನು ಟ್ರ್ಯಾಕ್ಟರಿನವನು ತಂದುಕೊಟ್ಟ. ನನ್ನದು ಅಂತ ಆ ಟ್ರ್ಯಾಕ್ಟರು ಹೇರಿಕೊಂಡು ಬಂದದ್ದು ಅದೊಂದೇ.

ಈಗ ನನ್ನಲ್ಲಿ ಇರುವುದು ಇಷ್ಟು: ಎರಡು ಎಕರೆ ಮಲ್ಲಿಗೆ. ಒಂದು ಬೋರು. ಒಂದು ಹಳೆಯ ಮೋಟಾರ್ ಸೈಕಲ್ಲು, ಬುಟ್ಟಿ ಈಗ ಅದರ ಮೇಲೆ. ನೌಕರಿಯಲ್ಲಿರುವ ಇಬ್ಬರು ಹೆಣ್ಣುಮಕ್ಕಳು. ಎರಡು ಮೊಣಕಾಲು, ಅದರಲ್ಲಿ ಬಲಗಡೆಯದು ಮಳೆ ಬಂದರೆ ನೋಯುತ್ತದೆ. ಒಂದು ಸಿಂಬಿ. ಕೈಗಡಿಯಾರ ಇಲ್ಲ, ಕೊಳ್ಳಲಿಲ್ಲ. ಮೈಲವ್ವ ಇದ್ದಾಳೆ. ಒಂದು ಮಾರು ಕಟ್ಟಲು ಅವಳಿಗೆ ಈಗ ಹದಿನಾಲ್ಕು ನಿಮಿಷ ಬೇಕು. ನಾನು ಊರಿಗೆ ಹೋಗಿ ಬರುವುದು ತಡವಾದ ದಿನ ಹದಿನಾರು.